ಅಮ್ಮನ ಮೌನವೂ ನಮ್ಮ ಮನೆಯ ರೂಟರೂ

"ಹಲೋ... ಅಮ್ಮಾ, ಕೇಳಿಸ್ತಾ ಇದೆಯಾ?"
"ಹಾಂ, ಹೇಳೋ."
"ನೀನೇ ಹೇಳು."
"ಏನಂದೆ?"

ಭಾನುವಾರ ಬೆಳಿಗ್ಗೆ ನ್ಯೂಜೆರ್ಸಿಯ ನಮ್ಮ ಮನೆಯಿಂದ ಮೈಸೂರಿಗೆ ಮಾಡುವ ಕರೆಯ ಮೊದಲ ಐದು ನಿಮಿಷ ಹೀಗೇ ಕಳೆಯುತ್ತಿತ್ತು. ನಿಮ್ಮ ಮನೆಯಲ್ಲೂ ಇದೇ ಸುಪ್ರಭಾತ ತಾನೆ?

ಕಾಲಿಂಗ್ ಕಾರ್ಡಿನ ಬೆನ್ನನ್ನು ನಾಣ್ಯದಿಂದ ಕೆರೆದು, ಉದ್ದದ ಪಿನ್ ನಂಬರ್ ಒತ್ತಿ, ನಿಮಿಷ ಎಣಿಸಿ ಮಾತಾಡಿದವರು ನಾವು. 2003ರಲ್ಲಿ ಸ್ಕೈಪ್ ಬಂತು, ದುಡ್ಡಿನ ಚಿಂತೆ ಹೋಯಿತು. ಆ ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಕಣ್ಣು ಮುಚ್ಚಿತು. "ಕೇಳಿಸ್ತಾ ಇದೆಯಾ" ಮಾತ್ರ ಚಿರಂಜೀವಿ.

ಆದರೆ ನಮ್ಮಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ. ಅಪ್ಪ ಹೋದ ಮೇಲೆ ಅಮ್ಮ ಒಬ್ಬಳೇ ಇದ್ದಾಳೆ. "ಮಂಡಿನೋವು ಹೇಗಿದೆ?" ಎಂದರೆ ಮೌನ. ಆಮೇಲೆ "ಪರವಾಗಿಲ್ಲ ಕಣೋ." "ಮಾತ್ರೆ ತಗೊಂಡ್ಯಾ?" ಮತ್ತೆ ಮೌನ. ಏನೋ ಮುಚ್ಚಿಡುತ್ತಿದ್ದಾಳೆಂಬ ಗುಮಾನಿ ನನಗೆ. ಒಂದು ದಿನ ರೇಗಿಯೇ ಬಿಟ್ಟೆ. "ಅಷ್ಟೊಂದು ಯೋಚನೆ ಮಾಡಿ ಯಾಕಮ್ಮಾ ಉತ್ತರ ಕೊಡ್ತೀಯಾ?" "ನೀನು ಕೇಳಿದ ತಕ್ಷಣ ಹೇಳ್ತಾ ಇದೀನಲ್ಲೋ" ಎಂದವಳೇ ಫೋನಿಟ್ಟಳು. ಮುಂದಿನ ಎರಡು ವಾರ ಬರೀ "ಹೂಂ", "ಉಹೂಂ".

ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತು ಇದನ್ನು ಗೆಳೆಯರೊಬ್ಬರಿಗೆ ಹೇಳಿಕೊಂಡೆ. ಅವರದು ನೆಟ್‌ವರ್ಕ್ ಕೆಲಸ, ನಾನೋ ಲೆಕ್ಕಪತ್ರದವನು. "ಮನೆಯಲ್ಲಿ 300 ಎಂಬಿಪಿಎಸ್ ಇದೆ, ಸಾಲದೆ?" ಎಂದೆ. ಅವರು ನಕ್ಕರು. ಟೆಲಿಫೋನ್ ಗುಣಮಟ್ಟದ ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್ ಸಾಕಂತೆ, ಈಗಿನ ಆ್ಯಪ್‌ಗಳಿಗೆ ಅದಕ್ಕಿಂತಲೂ ಕಡಿಮೆ. ಮಾತನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ, ಅಂಚೆ ಕಾರ್ಡಿನ ಹಾಗೆ ಒಂದೊಂದಾಗಿ ಕಳಿಸುತ್ತಾರೆ, ಸೆಕೆಂಡಿಗೆ 50. ತೀರಾ ತಡವಾಗಿ ಬಂದ ಕಾರ್ಡನ್ನು ಎಸೆಯುವುದೇ ಸರಿ, ಏಕೆಂದರೆ ಆ ಮಾತಿನ ಹೊತ್ತು ಮೀರಿರುತ್ತದೆ. ಅದೇ ನಮಗೆ ಕೇಳುವ "ಕರ್ ಕರ್". ಕಾರ್ಡುಗಳು ನಮ್ಮೂರಿನ ಸಿಟಿ ಬಸ್ಸುಗಳಂತೆ, ಅರ್ಧ ಗಂಟೆ ಒಂದೂ ಇಲ್ಲದೆ ಆಮೇಲೆ ಮೂರು ಒಟ್ಟಿಗೆ ಬಂದರೆ, ಅದಕ್ಕೆ ಜಿಟರ್ ಎಂದು ಹೆಸರು.

ಇನ್ನು ವಿಳಂಬ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಇಲ್ಲಿಂದ ಮೈಸೂರು ನೇರವಾಗಿ ಅಳೆದರೂ 13 ಸಾವಿರ ಕಿಲೋಮೀಟರಿಗೂ ಹೆಚ್ಚು, ಸಮುದ್ರದಡಿಯ ಕೇಬಲ್ಲು ಸುತ್ತಿಕೊಂಡು ಹೋಗುತ್ತದೆ. ಒಂದು ಕಡೆಗೇ 65 ಮಿಲಿಸೆಕೆಂಡಿಗಿಂತ ಕಡಿಮೆಯಲ್ಲಿ ತಲುಪಲು ದೇವರಾಣೆಗೂ ಸಾಧ್ಯವಿಲ್ಲ. ಒಂದು ಕಡೆಯ ಪಯಣ 150ರ ಒಳಗಿದ್ದರೆ ಮಾತುಕತೆ ಸಲೀಸು, 400 ದಾಟಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು.

"ಹಾಗಾದರೆ ನಿಮ್ಮ ಉಳಿದ ಸಮಯ ಎಲ್ಲಿ ಹೋಗ್ತಿದೆ?" ಎಂದು ಅವರೇ ಮನೆಗೆ ಬಂದು ನೋಡಿದರು. ಕಳ್ಳ ಸಿಕ್ಕಿದ್ದು ನಮ್ಮ ಮಹಡಿಯಲ್ಲೇ! ಶನಿವಾರ ಮಕ್ಕಳು ತೆಗೆದ ಫೋಟೋ, ವೀಡಿಯೋಗಳೆಲ್ಲ ಭಾನುವಾರ ಬೆಳಿಗ್ಗೆ ಕ್ಲೌಡಿಗೆ ಏರುತ್ತಿದ್ದವು. ನಮ್ಮದು ಕೇಬಲ್ ಕಂಪನಿಯ ಇಂಟರ್ನೆಟ್. ಇಳಿಯುವ ವೇಗ ಭರ್ಜರಿ, ಏರುವ ವೇಗ ಬಡಕಲು. ಜಾತ್ರೆಯ ಗಾಡಿಗಳ ಹಿಂದೆ ಸಿಕ್ಕಿಬಿದ್ದ ಸೈಕಲ್ಲಿನಂತೆ ನನ್ನ ಮಾತು ಮೋಡೆಮ್ಮಿನ ಸರದಿಯಲ್ಲಿ ನಿಂತಿರುತ್ತಿತ್ತು. ಅಂದರೆ ಅಮ್ಮನ ಉತ್ತರ ತಡವಾದದ್ದಲ್ಲ. ನನ್ನ ಪ್ರಶ್ನೆಯೇ ಅವಳಿಗೆ ತಡವಾಗಿ ಮುಟ್ಟುತ್ತಿತ್ತು.

ಮಕ್ಕಳ ಫೋನುಗಳ ಬ್ಯಾಕಪ್ಪನ್ನು ರಾತ್ರಿಗೆ ತಳ್ಳಿದೆವು. ಅಪ್‌ಲೋಡಿಗೆ ರೂಟರಿನಲ್ಲಿ ಒಂದು ಮಿತಿ ಹಾಕಿದರು. ನಾನು ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ ಕೂತೆ. ಖರ್ಚು ಒಂದು ತಂತಿಯದು ಮಾತ್ರ.

ಮುಂದಿನ ಭಾನುವಾರ "ಮಂಡಿನೋವು ಹೇಗಿದೆ?" ಎಂದೆ. "ಹಾಗೇ ಇದೆ" ಎಂದಳು, ತಕ್ಷಣ. ತಪ್ಪು ನಮ್ಮ ಮನೆಯದೇ ಎಂದು ಒಪ್ಪಿಕೊಂಡೆ. "ಮೆಷೀನಿನ ತಪ್ಪಿಗೆ ನನ್ನ ಬೈದ್ಯಲ್ಲೋ" ಎಂದು ನಕ್ಕಳು. ಹಬ್ಬ, ಪಕ್ಕದ ಮನೆ, ತೆಂಗಿನಕಾಯಿಯ ರೇಟು ಎಲ್ಲ ಬಂದುಹೋದವು.

"ಡಾಕ್ಟರ ಹತ್ತಿರ ಹೋಗಿದ್ಯಾ?"

ಮೌನ. ಅಪ್‌ಲೋಡ್ ಯಾವುದೂ ನಡೆಯುತ್ತಿರಲಿಲ್ಲ, ತಂತಿಯೂ ಗಟ್ಟಿಯಾಗಿಯೇ ಇತ್ತು. ಅಮ್ಮನ ಹಿಂದೆ ಗೋಡೆ ಗಡಿಯಾರದ ಟಿಕ್ ಟಿಕ್ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಇಲ್ಲ ಕಣೋ. ಒಬ್ಬಳೇ ಆಟೋ ಹತ್ತಿ ಇಳಿಯೋಕೆ ಭಯ ಆಗತ್ತೆ."

ಡಿಸೆಂಬರಿಗೆ ಟಿಕೆಟ್ ಮಾಡಿಸಿದ್ದೇನೆ.