ಸೈನಿಕನ ವ್ಯಾಯಾಮಕ್ಕೆ ವಿನಾಯಿತಿಯುಂಟೆ?

ನಮ್ಮ ನಾಡಿನ ಅನೇಕ ಮನೆತನಗಳು ತಮ್ಮ ಮಕ್ಕಳನ್ನು ಸೇನೆಗೆ ಒಪ್ಪಿಸಿವೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿರುವುದರಿಂದ, ನಸುಕಿನಲ್ಲಿ ಸಾಲುಗಟ್ಟಿ ಓಡುವ ತರುಣರ ನೋಟ ಆ ಭಾಗದ ಜನರಿಗೆ ಹೊಸದಲ್ಲ. ಅಂತಹ ಸಾಲನ್ನು ಕಂಡಾಗಲೆಲ್ಲ ನಮ್ಮಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಾಮೂಹಿಕ ವ್ಯಾಯಾಮದಿಂದ ಯಾರಿಗಾದರೂ, ಎಂದಾದರೂ ವಿನಾಯಿತಿ ಸಲ್ಲಬೇಕೆ?

ಸಲ್ಲದೆನ್ನುವವರ ಮಾತಿನಲ್ಲಿ ಸತ್ತ್ವವಿದೆ. ಸೈನಿಕನ ಶಕ್ತಿ ಅವನೊಬ್ಬನದಲ್ಲ. ಗಾಯಗೊಂಡ ಸಂಗಾತಿಯನ್ನು ಹೆಗಲ ಮೇಲೆ ಹೊತ್ತು ತರಬೇಕಾದವನು ಅವನೇ. ಸೇನೆಯ ಸಾಮರ್ಥ್ಯ ಪರೀಕ್ಷೆಯಲ್ಲಿ ಬಂದೂಕು ಹಾಗೂ ಹೊರೆಯೊಡನೆ 5 ಕಿಲೋಮೀಟರ್ ಓಟ, 60 ಮೀಟರ್ ವೇಗದ ಓಟ, ಹಗ್ಗ ಹತ್ತುವುದು, 9 ಅಡಿ ಅಗಲದ ಕಂದಕವನ್ನು ಜಿಗಿಯುವುದು ಇವೆಲ್ಲ ಸೇರಿದ್ದುಂಟು. ಒಟ್ಟಿಗೆ ಬೆವರು ಸುರಿಸಿದವರಲ್ಲಿ ಮೂಡುವ ನಂಬಿಕೆ ಉಪದೇಶದಿಂದ ಬರಲಾರದು. ಒಬ್ಬನಿಗೆ ಕಾರಣವಿಲ್ಲದೆ ಬಿಡುವು ದೊರೆತರೆ ಉಳಿದವರ ಮನದಲ್ಲಿ ಅಸಮಾಧಾನದ ಬೀಜ ಬಿದ್ದಂತೆಯೇ.

ಆದರೂ ದೇಹವು ಕಬ್ಬಿಣವಲ್ಲ. ನಮ್ಮ ಸೋದರಿಯ ಮಗನು ದೂರದ ಪ್ರಾಂತವೊಂದರಲ್ಲಿ ತರಬೇತಿಯಲ್ಲಿದ್ದಾಗ ಮೊಣಕಾಲಿನ ಕೆಳಗೆ ನೋವು ಕಾಣಿಸಿಕೊಂಡಿತು. 'ಪಿ.ಟಿ. ತಪ್ಪಿಸುವ ಕಳ್ಳ' ಎಂಬ ಹೆಸರು ಬಂದೀತೆಂದು ಅಂಜಿ ಆತನು ಮೂರು ವಾರ ಬಾಯಿ ಬಿಡಲಿಲ್ಲ. ಕೊನೆಗೆ ಓಡುತ್ತಲೇ ಕುಸಿದು ಬಿದ್ದಾಗ ಮೂಳೆ ಮುರಿದಿರುವುದು ತಿಳಿಯಿತು. ಮೇಲಿಂದ ಮೇಲೆ ಬೀಳುವ ಭಾರದಿಂದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡುವುದು ಹೊಸ ಸೈನಿಕರಲ್ಲಿ ಅಪರೂಪವೇನಲ್ಲ. ಆರಂಭದಲ್ಲಿಯೇ ವಿಶ್ರಾಂತಿ ಕೊಟ್ಟರೆ ಅದು ಕೂಡಿಕೊಳ್ಳುತ್ತದೆ. ಅಲಕ್ಷಿಸಿ ಓಡಿದರೆ ಪೂರ್ತಿ ಮುರಿಯಬಹುದು. ಕೆಲವು ವಾರಗಳ ಬಿಡುವಿನಲ್ಲಿ ಮುಗಿಯಬಹುದಾಗಿದ್ದ ಬೇನೆಯು ಆತನ ತರಬೇತಿಯನ್ನು ತಿಂಗಳುಗಟ್ಟಲೆ ಹಿಂದೆ ಹಾಕಿತು.

ಸೇನೆಯು ಇದನ್ನು ಅರಿಯದೆ ಇಲ್ಲ. ಮನಸ್ಸು, ಶ್ರವಣ, ಕೈಕಾಲು, ದೇಹಶಕ್ತಿ, ದೃಷ್ಟಿ ಎಂಬ ಐದನ್ನು ಪರೀಕ್ಷಿಸಿ ಸೈನಿಕನನ್ನು 'ಶೇಪ್' ಎಂಬ ವೈದ್ಯಕೀಯ ಶ್ರೇಣಿಗಳಲ್ಲಿ ಇರಿಸುವ ಪದ್ಧತಿ ಅಲ್ಲಿದೆ. ಈ ಶ್ರೇಣಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮಹಿಳಾ ಅಧಿಕಾರಿಗಳನ್ನು ಕಾಯಂ ಸೇವೆಗೆ ತಡವಾಗಿ ಪರಿಗಣಿಸಿ, ಏರಿದ ವಯಸ್ಸಿನಲ್ಲಿ ಮೊದಲ ಶ್ರೇಣಿಯ ಆರೋಗ್ಯವನ್ನೇ ಕೇಳುವುದು ಸರಿಯಲ್ಲವೆಂದು 2021ರ ಮಾರ್ಚ್ ತಿಂಗಳಲ್ಲಿ ತೀರ್ಪು ಬಂದಿತು. ಸೇವೆಯ 5ನೆಯ ಅಥವಾ 10ನೆಯ ವರ್ಷದ ದೇಹಸ್ಥಿತಿಯನ್ನು ನೋಡಬೇಕೆಂದು ನ್ಯಾಯಾಲಯ ಹೇಳಿತು. ಅಳತೆಗೋಲು ಇರಲೇಬೇಕು, ಆದರೆ ಅದನ್ನು ಹಿಡಿಯುವ ಕೈಗೆ ವಿವೇಕವೂ ಇರಬೇಕು.

ಪದವಿಗೆ, ಶಿಫಾರಸಿಗೆ, ಸೋಮಾರಿತನಕ್ಕೆ ವಿನಾಯಿತಿ ಬೇಡ. ಬೇನೆಗೆ, ಬಸಿರು ಬಾಣಂತನಕ್ಕೆ ಅದು ಸಂಕೋಚವಿಲ್ಲದೆ ದೊರೆಯಲಿ ಎಂಬುದೇ ನಮ್ಮ ಅಭಿಪ್ರಾಯ. ವಿನಾಯಿತಿ ಪಡೆದವನೂ ವೈದ್ಯರು ಒಪ್ಪಿದಷ್ಟು ಸಾಧನೆಯನ್ನು ಮಾಡುತ್ತ ಸಂಗಾತಿಗಳ ನಡುವೆಯೇ ಇರಲಿ.

ಸೇನೆಯಲ್ಲಿ ಮಕ್ಕಳಿರುವ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ. ಮಗನು ದೂರವಾಣಿಯಲ್ಲಿ ಕಾಲುನೋವೆಂದಾಗ 'ಹೇಗಾದರೂ ತಾಳಿಕೋ' ಎನ್ನದಿರಿ. 'ಇಂದೇ ವೈದ್ಯರಿಗೆ ತೋರಿಸಪ್ಪಾ' ಎನ್ನಿರಿ. ನೋವನ್ನು ಮುಚ್ಚಿಡುವುದು ಶೌರ್ಯವಲ್ಲವೆಂಬುದನ್ನು ಆತನು ಮೊದಲು ಮನೆಯವರಿಂದಲೇ ಕೇಳಲಿ.