ನಡೆದು ಓದಿದ ನಗರ

ಊರಿನಲ್ಲಿ ಓಡಾಡುವುದು ಬೇರೆ, ಊರನ್ನು ನೋಡುವುದು ಬೇರೆ. ದಿನವೂ ನಾವು ಮಾಡುವುದು ಮೊದಲನೆಯದನ್ನು. ಪೇಟೆಗೆ ಹೋಗುತ್ತೇವೆ, ಶಾಲೆಗೆ ಹೋಗುತ್ತೇವೆ, ರೈಲು ತಪ್ಪೀತೆಂದು ನಿಲ್ದಾಣಕ್ಕೆ ಧಾವಿಸುತ್ತೇವೆ. ಕಾಲ ಬುಡದ ಕೆಸರನ್ನೂ ಎದುರಿಗೆ ಬರುವ ಮೋಟಾರನ್ನೂ ಬಿಟ್ಟರೆ ಕಣ್ಣಿಗೆ ಬೇರೇನೂ ಬೀಳುವುದಿಲ್ಲ. ಎರಡನೆಯದಕ್ಕೆ ಸ್ವಲ್ಪ ಬಿಡುವು ಬೇಕು. ಜೊತೆಗೆ, ಪಕ್ಕದಲ್ಲಿ ನಿಂತು "ಇಗೋ, ಇಲ್ಲಿ ತಲೆಯೆತ್ತಿ ನೋಡಿ" ಎನ್ನುವವರೊಬ್ಬರು ಬೇಕು.

ಮುಂಬಯಿಯಲ್ಲಿ ಅಂತಹವರು ದೊರೆಯುತ್ತಾರೆ. ರಜೆಯ ದಿನ ಮುಂಜಾನೆ, ಕಚೇರಿಗಳು ಮುಚ್ಚಿ ಬೀದಿಗಳು ಬರಿದಾಗಿರುವಾಗ, ಹತ್ತು ಹದಿನೈದು ಜನರನ್ನು ಕಟ್ಟಿಕೊಂಡು ಹಳೆಯ ಫೋರ್ಟ್ ಭಾಗದ ಕಟ್ಟಡಗಳ ಕಥೆಯನ್ನು ಹೇಳುತ್ತ ಅವರು ನಡೆಯುತ್ತಾರೆ. ಇದಕ್ಕೆ 'ಹೆರಿಟೇಜ್ ವಾಕ್' ಎಂದು ಹೆಸರು. ಸೊಲ್ಲಾಪುರದ ಮೇಷ್ಟರಾದ ನನಗೆ ಇಂತಹ ಒಂದು ನಡಿಗೆಯನ್ನು ಮಾಡಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಆತನು ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಮನೆಯ ಕಷ್ಟದಿಂದ ಮುಂಬಯಿಗೆ ಹೋಗಿ, ಫೋರ್ಟಿನ ಹೋಟೆಲೊಂದರಲ್ಲಿ ಮೇಜು ಒರೆಸುತ್ತ ಜೀವನವನ್ನು ಆರಂಭಿಸಿದವನು. ಹಗಲು ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಸಾವಿರಾರು ಹುಡುಗರ ಪರಂಪರೆಗೆ ಸೇರಿದವನು. ಈಗ ಅದೇ ಹೋಟೆಲಿನ ಲೆಕ್ಕ ಬರೆಯುತ್ತಾನೆ. "ಇಪ್ಪತ್ತು ವರ್ಷ ಈ ಬೀದಿಗಳನ್ನು ತುಳಿದಿದ್ದೇನೆ, ಸರ್. ಇವು ಏನು, ಯಾರವು ಎಂದು ಒಬ್ಬರೂ ಹೇಳಲಿಲ್ಲ" ಎಂದು ಹೇಳಿ, ಇಬ್ಬರ ಶುಲ್ಕವನ್ನೂ ತಾನೇ ತೆತ್ತನು.

ನಮ್ಮ ಮಾರ್ಗದರ್ಶಿ ವಾಸ್ತುಶಾಸ್ತ್ರವನ್ನು ಕಲಿತ ತರುಣಿ. ಟೌನ್ ಹಾಲಿನ ಮೂವತ್ತು ಮೆಟ್ಟಿಲುಗಳ ಕೆಳಗೆ ನಮ್ಮನ್ನು ನಿಲ್ಲಿಸಿ, ಆಕೆ ಮೊದಲು ಏನನ್ನೂ ಹೇಳಲಿಲ್ಲ. "ಒಂದು ನಿಮಿಷ ಸುಮ್ಮನೆ ನೋಡಿ; ಆಮೇಲೆ ಮಾತು" ಎಂದಳು. ಪಾಠಕ್ಕೆ ಮುಂಚೆ ಮಕ್ಕಳನ್ನು ಹೀಗೆ ನೋಡಗೊಡುವ ಉಪಾಧ್ಯಾಯರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಆ ನಿಮಿಷದ ಮೌನದಲ್ಲಿ ಗ್ರೀಕ್ ದೇಗುಲಗಳನ್ನು ನೆನಪಿಸುವ ಎಂಟು ದಪ್ಪ ಕಂಬಗಳು ತಾವಾಗಿಯೇ ಎದ್ದು ಬಂದಂತೆ ತೋರಿದುವು. ಅನಂತರ ವಿವರಗಳು ಬಂದುವು: ಕಟ್ಟಡವು ಮುಗಿದುದು 1833ರಲ್ಲಿ, 1804ರಲ್ಲಿ ಹುಟ್ಟಿದ ವಿದ್ವತ್ಸಭೆಯೊಂದು ಏಷಿಯಾಟಿಕ್ ಸೊಸೈಟಿಯಾಗಿ ಇಂದಿಗೂ ತನ್ನ ಪುಸ್ತಕ ಭಂಡಾರವನ್ನು ಅದರೊಳಗೆ ಇಟ್ಟುಕೊಂಡಿದೆ.

ಎದುರಿಗೇ ಹಾರ್ನಿಮನ್ ವೃತ್ತ. ಹಿಂದೆ ಬಯಲಾಗಿದ್ದ ಈ ಸ್ಥಳದ ಸುತ್ತ 1860ರ ದಶಕದಲ್ಲಿ ಒಂದೇ ಮಾದರಿಯ ಕಟ್ಟಡಗಳನ್ನು ಬಳೆಯಂತೆ ಕಟ್ಟತೊಡಗಿದರು. ಅದರ ಕಮಾನುಗಳ ನೆತ್ತಿಯಲ್ಲಿ ಕೆತ್ತಿದ ಮುಖಗಳಿವೆ. ಕೆಳಗೆ ನಡೆದು ಹೋಗುವವನಿಗೆ ಅವು ಕಾಣವು. ಮೊದಲು ಎಲ್ಫಿನ್‌ಸ್ಟನ್ ಎಂಬ ಹೆಸರನ್ನು ಹೊತ್ತಿದ್ದ ಈ ವೃತ್ತಕ್ಕೆ ಸ್ವಾತಂತ್ರ್ಯಾನಂತರ 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕ ಹಾರ್ನಿಮನ್ ಅವರ ಹೆಸರು ಬಂದಿತು. ಇಂಗ್ಲಿಷರಾಗಿಯೂ ಭಾರತದ ಪಕ್ಷವನ್ನು ವಹಿಸಿದುದಕ್ಕಾಗಿ 1919ರಲ್ಲಿ ಅವರನ್ನು ಈ ದೇಶದಿಂದ ಹೊರಗೆ ಹಾಕಿದ್ದರು. ಒಂದು ಸ್ಥಳದ ಹೆಸರು ಬದಲಾದುದೇಕೆಂದು ಕೇಳಿದರೆ ಚರಿತ್ರೆಯ ಒಂದು ಪಾಠವೇ ತೆರೆಯುತ್ತದೆ.

ಅಲ್ಲಿಂದ ಕೆಲವೇ ಹೆಜ್ಜೆಗಳ ದೂರದಲ್ಲಿ 1718ರಲ್ಲಿ ತೆರೆದ ಸೇಂಟ್ ಥಾಮಸ್ ಚರ್ಚು. ಕೋಟೆಗೆ ಮೂರು ಬಾಗಿಲುಗಳಿದ್ದುವು; ಈ ಚರ್ಚಿನ ಕಡೆಗಿದ್ದುದು ಚರ್ಚ್‌ಗೇಟ್. ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ, ಸರ್ ಬಾರ್ಟಲ್ ಫ್ರಿಯರ್ ಗವರ್ನರಾಗಿದ್ದಾಗ, ಕೆಡವಿದರು. ಬಾಗಿಲು ಹೋಯಿತು, ಹೆಸರು ಮಾತ್ರ ರೈಲು ನಿಲ್ದಾಣವನ್ನು ಹತ್ತಿ ಕುಳಿತಿತು. ನಿತ್ಯವೂ ಆ ಹೆಸರನ್ನು ಉಚ್ಚರಿಸುವ ಲಕ್ಷಾಂತರ ಜನರಲ್ಲಿ ಇಲ್ಲದ ಬಾಗಿಲೊಂದನ್ನು ನೆನೆಯುವವರು ಎಷ್ಟು ಮಂದಿಯೋ! ಕಲ್ಲಿಗಿಂತ ಮಾತೇ ಹೆಚ್ಚು ಕಾಲ ಬಾಳುತ್ತದೆಂಬುದಕ್ಕೆ ಬೇರೆ ಸಾಕ್ಷ್ಯವೇಕೆ?

ಮುಂದಿನದು ಫ್ಲೋರಾ ಕಾರಂಜಿ. 1864ರ ಈ ಕಾರಂಜಿಯ ನೆತ್ತಿಯ ಮೇಲೆ ರೋಮನರ ಹೂವಿನ ದೇವತೆ ನಿಂತಿದ್ದಾಳೆ. ಅದರ ಬಳಿಯಲ್ಲಿಯೇ ಪಂಜನ್ನು ಹಿಡಿದ ರೈತ ಮತ್ತು ಕಾರ್ಮಿಕರ ಪ್ರತಿಮೆಗಳು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. 1960ರ ಮೇ 1ರಂದು ರಾಜ್ಯವು ಉದಯಿಸಿತು. ಈ ಸ್ಥಳವು ಹುತಾತ್ಮ ಚೌಕವಾಯಿತು. ಕನ್ನಡ ಶಾಲೆಯ ಮೇಷ್ಟರಾಗಿ ಅಲ್ಲಿ ನಿಂತಾಗ ನನ್ನ ಮನಸ್ಸಿನಲ್ಲಿ ಬಂದ ಭಾವವನ್ನು ಮುಚ್ಚಿಡಲಾರೆ. 1956ರಲ್ಲಿ ರಾಜ್ಯಗಳ ಗಡಿಗಳನ್ನು ಭಾಷೆಯ ಮೇಲೆ ಎಳೆದರು. ನಮ್ಮಂತಹವರ ಮನೆಗಳು ಗೆರೆಯ ಈಚೆಗೆ ಉಳಿದುವು. ಆದರೂ, ಅಥವಾ ಅದರಿಂದಲೇ, ಅಲ್ಲಿ ತಲೆ ಬಾಗುವುದು ನನಗೆ ಕಷ್ಟವಾಗಲಿಲ್ಲ. ತಾಯ್ನುಡಿಗಾಗಿ ಮಿಡಿಯುವ ಎದೆಯನ್ನು ತಾಯ್ನುಡಿಯನ್ನು ಪ್ರೀತಿಸುವವನೇ ಅರಿತಾನು. ವಿದ್ಯಾರ್ಥಿಯೂ ನನ್ನ ಪಕ್ಕದಲ್ಲಿ ಚಪ್ಪಲಿ ಕಳಚಿ ನಿಂತನು.

ಕೊನೆಗೆ ಓವಲ್ ಮೈದಾನದ ಅಂಚನ್ನು ತಲಪಿದೆವು. ಪೂರ್ವಕ್ಕೆ ಹೈಕೋರ್ಟು, ವಿಶ್ವವಿದ್ಯಾನಿಲಯ, ರಾಜಾಬಾಯಿ ಗೋಪುರ: ಮೊನಚು ಕಮಾನುಗಳ ಗಾಥಿಕ್ ಶೈಲಿ. ಪಶ್ಚಿಮಕ್ಕೆ, ಹುಲ್ಲಿನ ಆಚೆ, 1930ರ ದಶಕದಿಂದೀಚೆಗೆ ಎದ್ದ ಆರ್ಟ್ ಡೆಕೊ ಮನೆಗಳು; ದುಂಡನೆಯ ಮೂಲೆಗಳು, ಹಡಗಿನ ಅಟ್ಟದಂತಹ ಬಾಲ್ಕನಿಗಳು. ನಡುವೆ ಹುಡುಗರ ಕ್ರಿಕೆಟ್ಟು. ಈ ಎರಡು ಸಾಲುಗಳಿಗೂ ಸೇರಿ 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮಾನ್ಯತೆಯನ್ನು ಕೊಟ್ಟಿತು.

ಗೋಪುರವು 1878ರಲ್ಲಿ ಮುಗಿಯಿತು. ಎತ್ತರ 280 ಅಡಿ. ನಕ್ಷೆಯನ್ನು ರಚಿಸಿದ ಗಿಲ್ಬರ್ಟ್ ಸ್ಕಾಟ್ ಈ ದೇಶಕ್ಕೆ ಕಾಲಿಟ್ಟವರೇ ಅಲ್ಲ. ಹಣವನ್ನು ಕೊಟ್ಟವರು ಹತ್ತಿಯ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ರಾಜಾಬಾಯಿ ಅವರ ತಾಯಿ. ಕಣ್ಣು ಮಂಜಾಗಿದ್ದ ಆ ತಾಯಿಗೆ, ಸೂರ್ಯಾಸ್ತದ ಮುಂಚೆ ಊಟ ಮಾಡುವ ಜೈನ ನಿಯಮವನ್ನು ಪಾಲಿಸಲು, ಗಡಿಯಾರದ ಗಂಟೆಯು ಹೊತ್ತನ್ನು ತಿಳಿಸಲೆಂದು ಮಗನು ಬಯಸಿದನಂತೆ. "ಇದು ಜನ ಹೇಳುವ ಕಥೆ, ಈಗ ಹೇಳುವುದು ಚರಿತ್ರೆ" ಎಂದು ಮಾರ್ಗದರ್ಶಿ ಬೇರ್ಪಡಿಸಿ ಹೇಳಿದುದು ನನಗೆ ಬಹಳ ಹಿಡಿಸಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿಯು ಇಂಗ್ಲೆಂಡಿಗೆ ಬರದಾದಾಗ, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಿತು. ಆ ಹಣದ ಹೊಳೆಯಲ್ಲಿ ಮುಂಬಯಿಯ ಮುಖವೇ ಬದಲಾಯಿತು. ಯುದ್ಧವು ಮುಗಿದೊಡನೆ ಬೆಲೆ ಕುಸಿದು ಎಷ್ಟೋ ಸಾಹುಕಾರರು ನೆಲ ಕಚ್ಚಿದರು; ಪ್ರೇಮಚಂದರೂ ಪಾರಾಗಲಿಲ್ಲ. ಗೋಪುರ ಮಾತ್ರ ನಿಂತಿತು.

ಆಗ ನನ್ನ ವಿದ್ಯಾರ್ಥಿ ಕೈಯೆತ್ತಿದನು, ತರಗತಿಯಲ್ಲಿ ಎತ್ತುತ್ತಿದ್ದಂತೆಯೇ. "ಹಣ ಕೊಟ್ಟವರ ಹೆಸರನ್ನು ಹೇಳಿದಿರಿ, ನಕ್ಷೆ ಬರೆದವರ ಹೆಸರನ್ನು ಹೇಳಿದಿರಿ. ಕಲ್ಲನ್ನು ಕೆತ್ತಿದವರು ಯಾರು? ಹತ್ತಿಯನ್ನು ಬೆಳೆದವರು ಯಾರು?" ಎಂದು ಮರಾಠಿಯಲ್ಲಿ ಕೇಳಿದನು.

ಆಕೆಯ ಮುಖ ಅರಳಿತು. ಗೋಪುರದ ಮೇಲ್ಭಾಗವನ್ನು ತೋರಿಸಿ, ಪಶ್ಚಿಮ ಭಾರತದ ನಾನಾ ಜಾತಿಗಳವರನ್ನು ಅವರವರ ಉಡುಗೆಯಲ್ಲಿ ತೋರಿಸುವ ಇಪ್ಪತ್ತನಾಲ್ಕು ಪ್ರತಿಮೆಗಳು ಅಲ್ಲಿವೆಯೆಂದೂ ಅವನ್ನು ರೂಪಿಸಿದವರು ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ ಎಂಬ ನಮ್ಮ ದೇಶದ ಇಂಜಿನಿಯರೆಂದೂ ಹೇಳಿದಳು. "ಈ ಒಂದು ಹೆಸರು ಉಳಿದಿದೆ. ಉಳಿದ ಕಲ್ಲುಕುಟಿಗರ ಹೆಸರುಗಳು ನಮ್ಮ ಕೈಗೆ ಬರಲಿಲ್ಲ. ಹತ್ತಿಯ ಮಾತನ್ನು ನೀವೇ ಹೇಳಬೇಕು. ನಿಮ್ಮ ಊರು ಯಾವುದು?" ಎಂದಳು.

ಆತನು ಹೇಳಿದನು. ನಮ್ಮ ಕಡೆಯ ಕಪ್ಪು ನೆಲವನ್ನೂ ತನ್ನ ಅಜ್ಜನು ಹತ್ತಿಯನ್ನು ಬಿಡಿಸಿದುದನ್ನೂ ತಂದೆಯು ಸೊಲ್ಲಾಪುರದ ಗಿರಣಿಯಲ್ಲಿ ಅದನ್ನೇ ನೂತುದನ್ನೂ ಹೇಳಿದನು. 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂದರೂ, 1863ರಲ್ಲಿ ಭೋರ್ ಘಾಟಿನ ದಾರಿ ತೆರೆಯುವವರೆಗೆ ಅದು ಮುಂಬಯಿಯನ್ನು ನೇರವಾಗಿ ಮುಟ್ಟಲಿಲ್ಲವೆಂದು ನಾನು ಸೇರಿಸಿದೆನು. ಆ ಘಾಟನ್ನು ಕಡಿಯಲು ಒಂದು ಹಂತದಲ್ಲಿ ನಲವತ್ತು ಸಾವಿರಕ್ಕೂ ಮೀರಿದ ಕೂಲಿಗಳು ದುಡಿದರು; ಕಾಲರಾದಿಂದ, ಕಲ್ಲು ಬಿದ್ದು, ಪ್ರಾಣ ಬಿಟ್ಟವರು ಬಹಳ ಮಂದಿ. ಗುಂಪಿನವರೆಲ್ಲ ಗೋಪುರದ ಕಡೆಯಿಂದ ಹೋಟೆಲಿನ ಆ ಲೆಕ್ಕಿಗನ ಕಡೆಗೆ ತಿರುಗಿದ್ದರು. ಇಪ್ಪತ್ತು ವರ್ಷ ಆ ಬೀದಿಗಳಲ್ಲಿ ಅನ್ಯನಂತೆ ನಡೆದವನು ತಾನೂ ಅವುಗಳ ಒಬ್ಬ ವಾರಸುದಾರನೆಂದು ಅಂದು ಕಂಡುಕೊಂಡನು. ನಾನು ಕಲಿಸಿದ ಯಾವ ಪಾಠವೂ ಅವನಿಗೆ ಅಷ್ಟನ್ನು ಕೊಟ್ಟಿರಲಾರದು.

ಉಪಾಧ್ಯಾಯ ಬಂಧುಗಳೆ, ಇಷ್ಟನ್ನು ಬರೆದುದು ಮುಂಬಯಿಯ ವೈಭವವನ್ನು ವರ್ಣಿಸುವುದಕ್ಕಲ್ಲ. ನಮ್ಮ ತರಗತಿಗಳಲ್ಲಿ ಬೆಂಚುಗಳು ವರ್ಷವರ್ಷಕ್ಕೆ ಬರಿದಾಗುತ್ತಿವೆ. "ಈ ಊರಿನಲ್ಲಿ ಕನ್ನಡ ಕಲಿತು ಏನು ಪ್ರಯೋಜನ?" ಎಂದು ತಂದೆತಾಯಿಗಳು ಕೇಳುತ್ತಾರೆ. ಉತ್ತರವನ್ನು ಭಾಷಣದಲ್ಲಿ ಕೊಡುವುದರ ಬದಲು, ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕಾಲ್ನಡಿಗೆಯಲ್ಲಿ ಕರೆದುಕೊಂಡು ಹೋಗಿ ತೋರಿಸೋಣ. ಸೊಲ್ಲಾಪುರದಲ್ಲಿ ಒಂದೇ ಗಂಟೆಯ ದಾರಿ ಸಾಕು. ಕೋಟೆಯ ಬುಡದಲ್ಲಿ ಕೆರೆಯಿದೆ. ಅದನ್ನು ಕಟ್ಟಿಸಿದ ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನು ವಚನಗಳನ್ನು ನುಡಿದುದು ಕನ್ನಡದಲ್ಲಿ. ನಾಲ್ವರು ಹುತಾತ್ಮರ ಪ್ರತಿಮೆಗಳಿವೆ. 1930ರ ಮೇ ತಿಂಗಳಲ್ಲಿ ಈ ನಗರದ ಮೇಲೆ ಫೌಜಿ ಕಾನೂನು ಹೇರಿದ ಮೇಲೆ, 1931ರ ಜನವರಿ 12ರಂದು ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕೃಷ್ಣ ಸಾರಡಾ, ಕುರ್ಬಾನ್ ಹುಸೇನ್ ಅವರು. ಈ ನಾಲ್ಕು ಹೆಸರುಗಳನ್ನು ಒಟ್ಟಿಗೆ ಓದಿದ ಮಗುವಿಗೆ ಸೊಲ್ಲಾಪುರವು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಅಕ್ಕಲಕೋಟೆಯವರಿಗೆ, ಜತ್ತದವರಿಗೆ, ಕಾಸರಗೋಡಿನವರಿಗೆ, ಆದವಾನಿಯವರಿಗೆ ಅವರವರ ಬೀದಿಗಳಿವೆ. ಒಂದು ನೋಟ್ ಪುಸ್ತಕ, ಒಂದು ಸೀಸದ ಕಡ್ಡಿ, ನೀರಿನ ಬಾಟಲಿ, ಇಷ್ಟೇ ಸಾಮಗ್ರಿ. ಮೊದಲು ಒಂದು ನಿಮಿಷ ನೋಡಗೊಡಿ. ಕಥೆಯನ್ನು ಕಥೆಯೆಂದೂ ಚರಿತ್ರೆಯನ್ನು ಚರಿತ್ರೆಯೆಂದೂ ಹೇಳಿ. ಹಿಂದಿನ ಬೆಂಚಿನ ಹುಡುಗನು ಕೈಯೆತ್ತಿದರೆ, ಗಂಟೆ ಹೊಡೆದರೂ ಚಿಂತೆಯಿಲ್ಲ, ಅವನ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿ.