ಯಾವ ದೇವರಿಗೆ ಮುಡಿ?

ಕಳೆದ ವರ್ಷ ಆಷಾಢ ಮುಗಿಯುವ ಹೊತ್ತಿಗೆ ನಮ್ಮ ತಂದೆ ತೀರಿಕೊಂಡರು. ಎಂಬತ್ತಾರು ವರ್ಷದ ತುಂಬು ಬದುಕು. ಹಿರಿಯ ಮಗನಾದ ನಾನು ತಲೆ, ಮೀಸೆ ಎರಡನ್ನೂ ಬೋಳಿಸಿಕೊಂಡೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು, ಉಳಿದ ಕರ್ಮಗಳನ್ನೆಲ್ಲ ಮುಗಿಸಿದ್ದಾಯಿತು. ಐವತ್ನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ ತಲೆಯ ನಿಜವಾದ ಆಕಾರ ಹೇಗಿದೆಯೆಂದು ನಾನು ಕಂಡದ್ದು ಆಗಲೇ. ಹಿಂಭಾಗದಲ್ಲಿ ಒಂದು ಹಳೆಯ ಗಾಯದ ಕಲೆ ಇತ್ತು. ಬಾಲ್ಯದಲ್ಲಿ ಸೀಬೆಮರದಿಂದ ಬಿದ್ದಾಗ ಅಪ್ಪ ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರಂತೆ. ಆ ಕಲೆಯನ್ನು ತೋರಿಸಿ ಅದನ್ನು ನೆನಪಿಸಲು ಅಪ್ಪನೇ ಹೋಗಬೇಕಾಯಿತು.

ಹದಿನೈದನೆಯ ದಿನ ಶಾಲೆಗೆ ಹೊರಟೆ. ಮನೆ ಬನಶಂಕರಿ ಎರಡನೇ ಹಂತದಲ್ಲಿ, ನಾನು ವಿಜ್ಞಾನ ಹೇಳಿಕೊಡುವ ಪ್ರೌಢಶಾಲೆ ಜಯನಗರದಲ್ಲಿ. ಮಳೆ ಇಲ್ಲದಿದ್ದರೆ ನಡೆದೇ ಹೋಗುವುದು ನನ್ನ ರೂಢಿ. ಇಪ್ಪತ್ತೆಂಟು ವರ್ಷ ಅದೇ ರಸ್ತೆಯಲ್ಲಿ ನಡೆದರೂ ಯಾರೂ ನನ್ನತ್ತ ಎರಡನೆಯ ಸಲ ತಿರುಗಿ ನೋಡಿದ್ದಿಲ್ಲ. ತಲೆಯ ಮೇಲೆ ಕೂದಲಿದ್ದಾಗ ಯಾರಿಗೂ ಕಾಣದಿದ್ದವನು ಅದು ಹೋದ ಕೂಡಲೇ ಎಲ್ಲರಿಗೂ ಕಾಣತೊಡಗಿದೆ.

ಮೊದಲು ಮಾತನಾಡಿಸಿದ್ದು ರಸ್ತೆ ತಿರುವಿನ ಹೂವಿನ ಅಜ್ಜಿ. “ತಿರುಪತಿನಾ ಸ್ವಾಮಿ? ದರ್ಶನ ಚೆನ್ನಾಗಾಯ್ತಾ?” ಬೆಳಗಿನ ಬೋಣಿಯ ಹೊತ್ತಿನಲ್ಲಿ ಸಾವಿನ ಸುದ್ದಿ ಯಾಕೆ ಎಂದುಕೊಂಡು “ಹೂಂ” ಎಂದುಬಿಟ್ಟೆ. ಆಕೆ ಥಟ್ಟನೆ ಕೈ ಚಾಚಿ, “ಪ್ರಸಾದ ಎಲ್ಲಿ?” ಎಂದರು! ನಾಳೆ ತರುತ್ತೇನೆಂದು ತಪ್ಪಿಸಿಕೊಂಡೆ. ಸತ್ಯವನ್ನೇ ಹೇಳಬೇಕೆಂದು ಮಕ್ಕಳಿಗೆ ಬೋಧಿಸುವವನಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಹೋಗಿ, “ತಿರುಪತಿ ಅಲ್ಲಮ್ಮ, ಅಪ್ಪ ಹೋದರು” ಎಂದೆ. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, ಎರಡು ಮೊಳ ಸೇವಂತಿಗೆ ಅಳೆದು ಎಲೆಯಲ್ಲಿ ಸುತ್ತಿ ಕೊಟ್ಟರು. “ಫೋಟೋಗೆ ಹಾಕಿ.” ದುಡ್ಡು ಕೊಡಹೋದರೆ ಮುಖ ತಿರುಗಿಸಿದರು.

ಎಲ್ಲರೂ ಅಜ್ಜಿಯಷ್ಟು ಬೇಗ ಸತ್ಯಕ್ಕೆ ಬರಲಿಲ್ಲ. ಮೆಟ್ರೋದಲ್ಲಿ ಕಾಲೇಜು ಹುಡುಗನೊಬ್ಬ ಎದ್ದು, “ಕೂತ್ಕೊಳ್ಳಿ ತಾತ” ಎಂದ. ತಿಂಗಳ ಹಿಂದಷ್ಟೇ ನಾನು ‘ಅಂಕಲ್’ ಆಗಿದ್ದೆ. ಶ್ರಾವಣದ ಒಂದು ಭಾನುವಾರ ಪಂಚೆ ಉಟ್ಟು ರಾಗಿಗುಡ್ಡದ ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ಒಬ್ಬರು ಸ್ಕೂಟರ್ ನಿಲ್ಲಿಸಿ, “ಆಚಾರ್ರೇ, ಮುಂದಿನ ವಾರ ಗೃಹಪ್ರವೇಶ ಇದೆ, ಬಿಡುವಿದೆಯಾ?” ಎಂದು ವಿಚಾರಿಸಿದರು. ನನಗೆ ಬರುವ ಮಂತ್ರಗಳೆಂದರೆ ನ್ಯೂಟನ್ನನ ಮೂರು ನಿಯಮಗಳು ಮಾತ್ರ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಒಂದು ತಿಂಗಳಾಯಿತು. ತಲೆಗೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಮೀಸೆಯ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೀಸೆಗೆ ಅಷ್ಟು ಉದ್ದ ಸಾಕು, ತಲೆಗೆ ಸಾಲದು. ಹಾಗಾಗಿ ನನ್ನ ಮುಖದಲ್ಲಿ ಪೂರ್ತಿ ಮೀಸೆ ಬಂದು ಕುಳಿತರೂ ತಲೆ ಇನ್ನೂ ಕೊಯ್ಲಾದ ರಾಗಿ ಹೊಲದ ಹಾಗಿತ್ತು. ಪುರೋಹಿತನಾಗಿದ್ದವನು ಒಮ್ಮೆಗೇ ಪೊಲೀಸನಾದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಆಟೋ ಹತ್ತಿದರೆ, ನಾನು ಬಾಯಿ ತೆರೆಯುವ ಮೊದಲೇ ಚಾಲಕ ಮೀಟರ್ ಹಾಕಿದ. ಬೆಂಗಳೂರಿನಲ್ಲಿ ಇದೆಷ್ಟು ದೊಡ್ಡ ಪವಾಡವೆಂದು ಬಿಡಿಸಿ ಹೇಳಬೇಕಾಗಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ಯಾವ ಸ್ಟೇಷನ್ ಸಾರ್?” ಎಂದ. ಮೆಟ್ರೋ ಸ್ಟೇಷನ್ ಕೇಳುತ್ತಿದ್ದಾನೆಂದು ತಿಳಿದು “ಬನಶಂಕರಿ” ಎಂದೆ. ಇಳಿಯುವಾಗ ಒಂದು ಸೆಲ್ಯೂಟ್ ಹೊಡೆದು, ಚಿಲ್ಲರೆಯನ್ನು ಎಣಿಸಿ ವಾಪಸು ಕೊಟ್ಟ.

ಹೀಗೆ ಗೌರವ ಸಿಗುವುದು ನಮ್ಮೂರಿನಲ್ಲಿ ಮಾತ್ರವಲ್ಲ ಎಂದು ಆಮೇಲೆ ತಿಳಿಯಿತು. ಬಿ.ಟಿ.ಎಂ. ಬಡಾವಣೆಯಲ್ಲಿರುವ ನನ್ನ ಅಕ್ಕನ ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಅವನ ಸಹೋದ್ಯೋಗಿಗಳಲ್ಲಿ ಕೆಲವರು ಯಾವ ಹರಕೆಯೂ ಇಲ್ಲದೆ, ಯಾವ ಸೂತಕವೂ ಇಲ್ಲದೆ, ಕೂದಲು ತೆಳುವಾಗುತ್ತಿದ್ದಂತೆ ಪೂರ್ತಿ ಬೋಳಿಸಿಕೊಂಡುಬಿಡುತ್ತಾರಂತೆ. ಇದಕ್ಕೊಂದು ಅಧ್ಯಯನವೇ ಇದೆ ಎಂದು ಅವನು ತೋರಿಸಿದ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಮ್ಯಾನ್ಸ್ ಎಂಬ ಸಂಶೋಧಕರು ಮಾಡಿದ್ದು, 2012ರಲ್ಲಿ ಸುದ್ದಿಯಾದದ್ದು. ಒಬ್ಬನದೇ ಎರಡು ಚಿತ್ರ. ಒಂದರಲ್ಲಿ ಕೂದಲಿದೆ, ಇನ್ನೊಂದರಲ್ಲಿ ಕಂಪ್ಯೂಟರಿನಿಂದ ಅದನ್ನು ಅಳಿಸಲಾಗಿದೆ. ನೋಡಿದವರು ಬೋಳುತಲೆಯ ಚಿತ್ರದಲ್ಲಿರುವವನನ್ನು ಸುಮಾರು ಒಂದು ಅಂಗುಲ ಹೆಚ್ಚು ಎತ್ತರದವನು, ಶೇ 13ರಷ್ಟು ಹೆಚ್ಚು ಬಲಶಾಲಿ, ಹೆಚ್ಚು ಅಧಿಕಾರವುಳ್ಳವನು ಎಂದು ಅಂದಾಜಿಸಿದರಂತೆ. ವಯಸ್ಸು ಮಾತ್ರ ಹೆಚ್ಚು, ಅಂದ ಕಡಿಮೆ. ಮೆಟ್ರೋ ಹುಡುಗ ಮತ್ತು ಆಟೋ ಚಾಲಕ ಇಬ್ಬರೂ ಸೇರಿ ಈ ಅಧ್ಯಯನವನ್ನು ನನ್ನ ಮೇಲೆ ಪೂರ್ತಿಯಾಗಿ ಪ್ರಯೋಗಿಸಿದ್ದರು.

ಆದರೂ ಅಮೆರಿಕದ ಲೆಕ್ಕ ನಮಗೆ ಪೂರ್ತಿ ಹೊಂದುವುದಿಲ್ಲ. ತಿರುಪತಿಯ ಕಲ್ಯಾಣಕಟ್ಟೆಯಲ್ಲಿ, ನಂಜನಗೂಡಿನ ಕಪಿಲೆಯ ದಡದಲ್ಲಿ, ಮಲೆ ಮಹದೇಶ್ವರನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದವರನ್ನು ಕಂಡರೆ ನಮ್ಮವರು ಭಕ್ತಿಯಿಂದ ನೋಡುತ್ತಾರೆ. ಪುಟ್ಟ ಮಗುವಾದರೆ ಚೌಲವೆಂದು ನಗುತ್ತಾರೆ. ಸಿನಿಮಾ ನೋಡಿ ಬೆಳೆದವರಿಗೆ 1980ರ ‘ಶಾನ್’ ಚಿತ್ರದ ಖಳನಾಯಕ ಶಾಕಾಲ್ ನೆನಪಾಗುತ್ತಾನೆ. ಇನ್ನು ವಂಶವಾಹಿ ಮತ್ತು ಹಾರ್ಮೋನುಗಳ ಆಟದಿಂದ ತಾನಾಗಿ ಕೂದಲು ಉದುರಿದವರ ಪಾಡು ನಗೆಪಾಟಲು. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಅಂಥ ಒಬ್ಬ ಕನ್ನಡ ಉಪನ್ಯಾಸಕನ ಕಥೆಯೇ. ಹೆಣ್ಣು ಹುಡುಕಲು ಹೊರಟ ಅವನಿಗೆ ಎದುರಾಗುವ ಅಡ್ಡಿಯೆಲ್ಲ ತಲೆಯದೇ. ನಕ್ಕು ನಕ್ಕು ಹೊರಬಂದ ಮೇಲೆ ನಾವು ನಕ್ಕಿದ್ದು ಯಾರನ್ನು ಎಂಬ ಪ್ರಶ್ನೆ ಉಳಿಯುತ್ತದೆ.

ನಮ್ಮ ಅಜ್ಜಿಯ ತಂಗಿಯೊಬ್ಬರನ್ನು ಚಿಕ್ಕಂದಿನಲ್ಲಿ ಊರಿನಲ್ಲಿ ನೋಡಿದ್ದೆ. ಕೆಂಪು ಸೀರೆ, ತಲೆಯ ಮೇಲೆ ಸದಾ ಸೆರಗು. ಬೀದಿಯಲ್ಲಿ ಎದುರಾದರೆ ಜನ ಅಪಶಕುನವೆಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದದ್ದನ್ನು ನೋಡಿದವರಿಗೆ ಆ ಬದುಕು ಗೊತ್ತು. ನನ್ನ ಬೋಳುತಲೆ ಆರು ತಿಂಗಳ ತಮಾಷೆ. ಆಕೆಯದನ್ನು ಯಾರೋ ನಿರ್ಧರಿಸಿದ್ದರು, ಸಾಯುವವರೆಗೆ ಅದನ್ನೇ ಹೊತ್ತರು. ಆ ಮುಖ ನೆನಪಾದಾಗ ಆಟೋದವನ ಸೆಲ್ಯೂಟಿನ ಕಥೆಯನ್ನು ಹೇಳುತ್ತಿದ್ದ ನನ್ನ ಉತ್ಸಾಹ ಸ್ವಲ್ಪ ತಗ್ಗಿತು.

ಹೀಗೆ ಜನರ ಊಹೆಗಳನ್ನು ಸ್ಟಾಫ್ ರೂಮಿನಲ್ಲಿ ರಸವತ್ತಾಗಿ ವರ್ಣಿಸುತ್ತಿದ್ದ ನನಗೆ ಒಂದು ವಿಷಯ ಒಳಗೊಳಗೇ ಚುಚ್ಚುತ್ತಿತ್ತು. ಈ ಊಹೆಯ ಆಟವನ್ನು ನಾನೂ ಒಮ್ಮೆ ಆಡಿದ್ದೆ. ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಕೋವಿಡ್ ಬರುವುದಕ್ಕೂ ಮುಂಚಿನ ಮಾತು. ಒಂಬತ್ತನೇ ತರಗತಿಗೆ ಆ ವರ್ಷ ತಡವಾಗಿ ಸೇರಿದ ಹುಡುಗನೊಬ್ಬ ತಲೆಗೆ ಟೋಪಿ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ತರಗತಿಯೊಳಗೆ ಟೋಪಿ ಹಾಕಬಾರದೆಂಬುದು ಶಾಲೆಯ ಶಿಸ್ತು. ತೆಗೆಯಲು ಹೇಳಿದೆ. ಅವನು ಹಿಂದುಮುಂದು ನೋಡಿದ. ನಾನೇ ಹೋಗಿ ತೆಗೆದೆ. ನುಣ್ಣನೆಯ ತಲೆ. ತರಗತಿಯಲ್ಲಿ ಕಿಸಕಿಸ ನಗು ಹುಟ್ಟಿತು. ಆ ನಗೆಗೆ ನಾನೂ ಒಗ್ಗರಣೆ ಹಾಕಿದೆ: “ಯಾವ ದೇವರಿಗೆ ಕೊಟ್ಟೆಯೋ ಮುಡಿ?”

ಹುಡುಗ ಎದ್ದು ನಿಂತು, ಪಾಠ ಒಪ್ಪಿಸುವವನಂತೆ ಹೇಳಿದ: “ಕಿದ್ವಾಯಿಗೆ ಸಾರ್.”

ಮಕ್ಕಳು ಇನ್ನಷ್ಟು ಜೋರಾಗಿ ನಕ್ಕರು. ಅವರಿಗೆ ಅದು ಯಾವುದೋ ಗೊತ್ತಿಲ್ಲದ ದೇವರ ಹೆಸರು. ನನಗೆ ಗೊತ್ತಿತ್ತು. ಹೊಸೂರು ರಸ್ತೆಯಲ್ಲಿ 1973ರಿಂದ ಇರುವ ಕ್ಯಾನ್ಸರ್ ಆಸ್ಪತ್ರೆ ಅದು. ನಮ್ಮ ಶಾಲೆಯಿಂದ ಆಟೋದಲ್ಲಿ ಹೋದರೆ ಬಹಳ ದೂರವೇನಿಲ್ಲ. ಟೋಪಿ ನನ್ನ ಕೈಯಲ್ಲೇ ಇತ್ತು. ಅದನ್ನು ಅವನ ಕೈಗೆ ಕೊಡಬೇಕೋ, ತಲೆಗೆ ಹಾಕಬೇಕೋ ತಿಳಿಯದೆ ಮೇಜಿನ ಮೇಲಿಟ್ಟು ಪಾಠ ಮುಂದುವರಿಸಿದೆ. ಅಂದಿನ ಪಾಠ ಅಂಗಾಂಶಗಳು. ಏನು ಹೇಳಿದೆನೋ ನೆನಪಿಲ್ಲ.

ಮರುದಿನ ಹುಡುಗ ಬರಲಿಲ್ಲ. ಅದರ ಮರುದಿನ ಅವನ ತಾಯಿ ಬಂದರು. ಬೈಯುತ್ತಾರೆಂದು ಕಾದಿದ್ದೆ. ಅವರು ಬೈಯಲಿಲ್ಲ. “ಕಾಯಿಲೆ ಹಿಡಿತಕ್ಕೆ ಬಂದಿದೆ ಸಾರ್. ಕೂದಲು ಬರುತ್ತೆ ಅಂತ ಡಾಕ್ಟರು ಹೇಳಿದ್ದಾರೆ. ಸೂಜಿ ಚುಚ್ಚಿದ್ರೆ ಅಳಲ್ಲ ಇವನು. ಬಸ್ಸಲ್ಲಿ ಜನ ನೋಡ್ತಾರೆ ಅಂತ ಅಳ್ತಾನೆ. ಟೋಪಿ ಒಂದು ಇರಲಿ ಸಾರ್” ಎಂದರು. ನಾನು ಕ್ಷಮೆ ಕೇಳಿದೆ. ಅವರಿಗೆ ಸಂಕೋಚವಾಯಿತು. ಮೇಷ್ಟರು ಕೈಮುಗಿಯುವುದನ್ನು ಅವರು ನೋಡಿರಲಿಲ್ಲವೇನೋ.

ಆ ವಾರ ಹುಡುಗನ ಒಪ್ಪಿಗೆ ಕೇಳಿ, ತರಗತಿಯಲ್ಲಿ ಅದೇ ಅಂಗಾಂಶಗಳ ಪಾಠವನ್ನು ಮತ್ತೆ ಮಾಡಿದೆ. ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿವೆ. ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದಕ್ಕೇ ಕತ್ತರಿಸಿದರೆ ನೋವಾಗುವುದಿಲ್ಲ. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಅಲ್ಲಿನ ಕೋಶಗಳು ದೇಹದಲ್ಲೇ ಅತಿ ಬೇಗ ವಿಭಜನೆಯಾಗುವ ಕೋಶಗಳ ಪೈಕಿ. ಕ್ಯಾನ್ಸರ್ ಕೋಶಗಳೂ ಬೇಗ ಬೇಗ ವಿಭಜನೆಯಾಗುತ್ತವೆ. ಅವುಗಳನ್ನು ಕೊಲ್ಲಲು ಕೊಡುವ ಅನೇಕ ಔಷಧಗಳಿಗೆ ಇವೆರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ಶತ್ರುವಿನ ಜೊತೆ ಕೂದಲಿನ ಬುಡಕ್ಕೂ ಪೆಟ್ಟು ಬೀಳುತ್ತದೆ. ಔಷಧ ನಿಂತ ಮೇಲೆ ಬುಡ ಚೇತರಿಸಿಕೊಳ್ಳುತ್ತದೆ, ಸಾಮಾನ್ಯವಾಗಿ ಕೂದಲು ಮತ್ತೆ ಬರುತ್ತದೆ. ಇದು ಅಂಟುವ ಕಾಯಿಲೆಯಲ್ಲ, ಪಕ್ಕದಲ್ಲಿ ಕುಳಿತರೆ ಯಾರಿಗೂ ಏನೂ ಆಗುವುದಿಲ್ಲ. ಇಷ್ಟು ಹೇಳಿ ಮುಗಿಸಿದಾಗ ಯಾರೂ ನಗಲಿಲ್ಲ. ಒಬ್ಬಳು ಹುಡುಗಿ ಮಾತ್ರ ಕೈ ಎತ್ತಿ, “ಮಗುವಿನ ತಲೆ ಪದೇ ಪದೇ ಬೋಳಿಸಿದರೆ ಕೂದಲು ದಟ್ಟ ಆಗುತ್ತಾ ಸಾರ್?” ಎಂದಳು. ಇಲ್ಲ, ಬ್ಲೇಡು ಬುಡವನ್ನು ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ, ದಪ್ಪಗೆ ಅನಿಸುತ್ತದೆ ಅಷ್ಟೇ ಎಂದೆ. ಪಾಲಕರಿಗೂ ಈ ಮಾತು ಉಪಯೋಗಕ್ಕೆ ಬಂದೀತು.

ಮುಡಿ ಕೊಟ್ಟು ಬಂದ ಹುಡುಗನ ತಲೆಗೆ ಸಾಲಾಗಿ ನಿಂತು ಟಪ್ಪೆಂದು ಹೊಡೆದು ಓಡುವುದು ಎಲ್ಲ ಶಾಲೆಗಳಲ್ಲೂ ಇರುವ ಆಟ. ನಾನೂ ಚಿಕ್ಕಂದಿನಲ್ಲಿ ಹೊಡೆದಿದ್ದೇನೆ. ಮಕ್ಕಳೇ, ಆ ಕೈಯನ್ನು ಒಂದು ಕ್ಷಣ ತಡೆಯಿರಿ. ಬೋಳಾದ ತಲೆಯಿಂದ ನಿಮಗೆ ಗೊತ್ತಾಗುವುದು ಅಲ್ಲಿ ಕೂದಲಿಲ್ಲ ಎಂಬುದಷ್ಟೇ. ಹರಕೆಯೋ, ಸಾವೋ, ಕಾಯಿಲೆಯೋ, ಬರಿಯ ಶೋಕಿಯೋ ಅದರ ಮೇಲೆ ಬರೆದಿರುವುದಿಲ್ಲ. ವಿಜ್ಞಾನದಲ್ಲಿ ಒಂದೇ ಲಕ್ಷಣ ನೋಡಿ ಕಾರಣ ಬರೆದರೆ ನಾನು ಅಂಕ ಕಳೆಯುತ್ತೇನೆ. ಅಂದು ನನ್ನ ಅಂಕವನ್ನು ಕಳೆದವನು ನನ್ನ ವಿದ್ಯಾರ್ಥಿ.

ಆ ಹುಡುಗನಿಗೆ ಕೂದಲು ಬಂತು, ಮೊದಲಿಗಿಂತ ಗುಂಗುರಾಗಿ. ಎಸ್.ಎಸ್.ಎಲ್.ಸಿ. ಮುಗಿಸಿದ, ಈಗ ಬಿ.ಎಸ್ಸಿ. ಓದುತ್ತಿದ್ದಾನೆ. ಕಳೆದ ವರ್ಷ ಅಪ್ಪನ ಕರ್ಮ ಮುಗಿಸಿ ನಾನು ಶಾಲೆಗೆ ಮರಳಿದ ಆ ಮೊದಲ ವಾರದಲ್ಲೇ, ಯಾವುದೋ ಪ್ರಮಾಣಪತ್ರಕ್ಕೆಂದು ಶಾಲೆಗೆ ಬಂದಿದ್ದ. ಜಗಲಿಯ ಬೆಂಚಿನ ಮೇಲೆ ನಾನು ಒಬ್ಬನೇ ಕುಳಿತಿದ್ದೆ. ನನ್ನ ತಲೆಯನ್ನು ನೋಡಿದ. ತಿರುಪತಿಯಾ ಎನ್ನಲಿಲ್ಲ, ಏನಾಯಿತು ಎಂದೂ ಕೇಳಲಿಲ್ಲ. ಪಕ್ಕದಲ್ಲಿ ಬಂದು ಕುಳಿತ.

“ತಿಂಡಿ ಆಯ್ತಾ ಸಾರ್?”

“ಆಯ್ತಪ್ಪ.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವನಿಗೆ ಅವಸರವಿರಲಿಲ್ಲ. ಕೊನೆಗೆ ನಾನೇ ಹೇಳಿದೆ, “ನಮ್ಮಪ್ಪ ಹೋದ್ರು ಕಣೋ.”

ಅವನು ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಕೇಳಿದ: “ಅವರ ಹೆಸರೇನು ಸಾರ್?”

ಅಷ್ಟು ದಿನಗಳಲ್ಲಿ ನಮ್ಮಪ್ಪನ ಹೆಸರು ಕೇಳಿದವನು ಅವನೊಬ್ಬನೇ. ಹೆಸರು ಹೇಳಿದೆ. ಸೀಬೆಮರದ ಕಥೆ ಹೇಳಿದೆ, ತಲೆ ಬಗ್ಗಿಸಿ ಹಿಂದಿನ ಕಲೆಯನ್ನೂ ತೋರಿಸಿದೆ. ಮುಂದಿನ ಪೀರಿಯಡ್ಡಿನ ಗಂಟೆ ಹೊಡೆಯುವವರೆಗೂ ಹೇಳುತ್ತಲೇ ಇದ್ದೆ.